ಚಲಿಸುವ ಮನೆಯ ಹಿಂದೊಂದು ಕಾರು: ಟ್ರೈಲರ್ ಆಯ್ಕೆಯ ಭೌತವಿಜ್ಞಾನ

ಬೇಸಿಗೆ ಬಂತೆಂದರೆ ಅಮೆರಿಕದ ಹೆದ್ದಾರಿಗಳಲ್ಲಿ ಬಸ್ಸಿನಷ್ಟು ದೊಡ್ಡದಾದ ವಾಹನಗಳು ಓಡಾಡತೊಡಗುತ್ತವೆ. ಅವುಗಳೊಳಗೆ ಅಡುಗೆ ಒಲೆ, ಹಾಸಿಗೆ, ಸ್ನಾನದ ಕೋಣೆ, ನೀರಿನ ತೊಟ್ಟಿ ಎಲ್ಲವೂ ಇರುತ್ತವೆ. ಇವೇ ಮೋಟಾರ್‌ಹೋಮ್‌ಗಳು, ಅಂದರೆ ಚಲಿಸುವ ಮನೆಗಳು. ರಜೆಯಲ್ಲಿ ಊರೂರು ಸುತ್ತುವ ಕುಟುಂಬಗಳು ಶಿಬಿರತಾಣದಲ್ಲಿ ಇವನ್ನು ನಿಲ್ಲಿಸಿ, ನೀರು ಮತ್ತು ವಿದ್ಯುತ್ತಿನ ಸಂಪರ್ಕ ಪಡೆದು ಕೆಲವು ದಿನ ತಂಗುತ್ತವೆ. ಆದರೆ ಒಂದು ಲೀಟರ್ ಹಾಲು ತರಬೇಕಾದರೆ ಇಡೀ ಮನೆಯನ್ನೇ ಓಡಿಸಿಕೊಂಡು ಹೋಗುವುದು ಸಾಧ್ಯವೆ? ಅದಕ್ಕಾಗಿ ಅನೇಕರು ಒಂದು ಸಣ್ಣ ಕಾರನ್ನೂ ಹಿಂದೆ ಎಳೆದುಕೊಂಡು ಹೋಗುತ್ತಾರೆ.

ಕಾರನ್ನು ಟ್ರೈಲರ್ ಮೇಲೆ ಹೇರಿ ಒಯ್ಯುವುದಾದರೆ ಎಂತಹ ಟ್ರೈಲರನ್ನು ಆರಿಸಬೇಕು? 'ಕಾರಿನ ತೂಕ ಹೊರುವಂಥದ್ದು' ಎಂಬ ಉತ್ತರ ತಕ್ಷಣ ಹೊಳೆಯುತ್ತದೆ. ಅದು ಅರ್ಧ ಉತ್ತರ ಮಾತ್ರ. ಭಾರ ಎಷ್ಟು ಎಂಬುದರಷ್ಟೇ ಮುಖ್ಯವಾದ ಪ್ರಶ್ನೆ, ಆ ಭಾರ ಎಲ್ಲಿ ಕೂತಿದೆ ಎಂಬುದು. ಪ್ರೌಢಶಾಲೆಯಲ್ಲಿ ಕಲಿಯುವ ಸನ್ನೆಯ ನಿಯಮ ಇಲ್ಲಿ ಜೀವ ಉಳಿಸುವ ನಿಯಮವಾಗುತ್ತದೆ. ಅದು ಹೇಗೆಂದು ನೋಡೋಣ.

ಟ್ರೈಲರ್ ಬೇಕೇ ಬೇಕೆ?

ಕಾರನ್ನು ಎಳೆದೊಯ್ಯಲು ಮೂರು ವಿಧಾನಗಳಿವೆ. ಮೊದಲನೆಯದು, ನಾಲ್ಕೂ ಚಕ್ರಗಳು ನೆಲದ ಮೇಲೆ ಉರುಳುವಂತೆ ಕಾರನ್ನು ನೇರವಾಗಿ ಎಳೆಯುವುದು. ಎರಡನೆಯದು, ಮುಂದಿನ ಎರಡು ಚಕ್ರಗಳನ್ನು ಮಾತ್ರ 'ಡಾಲಿ' ಎಂಬ ಪುಟ್ಟ ಗಾಡಿಯ ಮೇಲೇರಿಸಿ, ಹಿಂದಿನ ಎರಡನ್ನು ನೆಲದ ಮೇಲೆ ಉರುಳಲು ಬಿಡುವುದು. ಮೂರನೆಯದು, ಇಡೀ ಕಾರನ್ನು ಟ್ರೈಲರ್ ಮೇಲೆ ಹತ್ತಿಸುವುದು.

ಮೊದಲನೆಯ ವಿಧಾನ ಹಗುರ, ಸುಲಭ. ಆದರೆ ಎಲ್ಲ ಕಾರುಗಳಿಗೂ ಹೊಂದದು. ಬಹಳಷ್ಟು ಸ್ವಯಂಚಾಲಿತ ಗೇರ್‌ಬಾಕ್ಸ್‌ಗಳಲ್ಲಿ ತೈಲವನ್ನು ಹರಿಸುವ ಪಂಪು ಎಂಜಿನ್ನಿನಿಂದ ನಡೆಯುತ್ತದೆ. ಕಾರನ್ನು ಎಳೆಯುವಾಗ ಎಂಜಿನ್ ನಿಂತಿರುತ್ತದೆ. ಆದರೆ ಉರುಳುವ ಚಕ್ರಗಳು ಗೇರ್‌ಬಾಕ್ಸಿನ ಭಾಗಗಳನ್ನು ತಿರುಗಿಸುತ್ತಲೇ ಇರುತ್ತವೆ. ತೈಲವಿಲ್ಲದೆ ತಿರುಗಿದ ಲೋಹ ಘರ್ಷಣೆಯಿಂದ ಕಾದು ಹಾಳಾಗುತ್ತದೆ. ಜೀಪ್ ರ‍್ಯಾಂಗ್ಲರ್‌ನಂಥ ವಾಹನದಲ್ಲಿ ಚಕ್ರಗಳಿಂದ ಗೇರ್‌ಬಾಕ್ಸನ್ನು ಪೂರ್ತಿ ಬಿಡಿಸುವ ಏರ್ಪಾಡಿರುವುದರಿಂದ ಅದನ್ನು ಹಾಗೆಯೇ ಎಳೆಯಬಹುದು. ಅಮೆರಿಕದಲ್ಲಿ 2014ರ ವರೆಗಿನ ಹೋಂಡಾ ಸಿಆರ್-ವಿ ಕಾರನ್ನೂ ಹೀಗೆ ಎಳೆಯಬಹುದಿತ್ತು. 2015ರಲ್ಲಿ ಸಿವಿಟಿ ಎಂಬ ಬೇರೆ ಬಗೆಯ ಗೇರ್‌ಬಾಕ್ಸ್ ಬಂದ ಮೇಲೆ ಆ ಅನುಕೂಲ ಹೋಯಿತು. ವಿದ್ಯುತ್ ಕಾರುಗಳಲ್ಲಿ ಚಕ್ರ ತಿರುಗಿದರೆ ಮೋಟಾರು ಜನರೇಟರಿನಂತೆ ವರ್ತಿಸಬಹುದಾದ್ದರಿಂದ ಹೆಚ್ಚಿನವನ್ನು ಚಕ್ರ ನೆಲಕ್ಕೆ ತಾಗದಂತೆಯೇ ಒಯ್ಯಬೇಕು. ಕಾರಿನ ಕೈಪಿಡಿ ಹೇಳುವುದೇ ಇಲ್ಲಿ ಅಂತಿಮ ಮಾತು.

ಟ್ರೈಲರ್ ಆದರೆ ಯಾವ ಕಾರಿಗೂ ಆದೀತು. ಜೊತೆಗೆ, ಟ್ರೈಲರ್ ಸಹಿತ ವಾಹನವನ್ನು ಹಿಮ್ಮುಖವಾಗಿ ಚಲಿಸಬಹುದು. ಉಳಿದೆರಡು ವಿಧಾನಗಳಲ್ಲಿ ಹಾಗೆ ಮಾಡಹೋದರೆ ಕಾರಿನ ಚಕ್ರಗಳು ಅಡ್ಡ ತಿರುಗಿ ಕೊಂಡಿ ಮುರಿಯುವ ಸಂಭವವಿದೆ. ಈ ಅನುಕೂಲಕ್ಕೆ ತೆರಬೇಕಾದ ಬೆಲೆ ಎಂದರೆ ಹೆಚ್ಚುವರಿ ತೂಕ.

ಎಲ್ಲಕ್ಕಿಂತ ಚಿಕ್ಕ ಸಂಖ್ಯೆಯೇ ಮಿತಿ

ಮೋಟಾರ್‌ಹೋಮ್ ತಯಾರಕರು ಮೂರು ಮಿತಿಗಳನ್ನು ನಮೂದಿಸಿರುತ್ತಾರೆ: ವಾಹನದ ಗರಿಷ್ಠ ತೂಕ, ಎಳೆಯುವ ಮತ್ತು ಎಳೆಸಿಕೊಳ್ಳುವ ಎರಡೂ ವಾಹನಗಳ ಒಟ್ಟು ಗರಿಷ್ಠ ತೂಕ ಮತ್ತು ಕೊಂಡಿಯ ಸಾಮರ್ಥ್ಯ. ಟ್ರೈಲರ್‌ಗೂ ತನ್ನದೇ ಆದ ಮಿತಿಯಿರುತ್ತದೆ.

ಒಂದು ಉದಾಹರಣೆ. ಜೋಡಿಯ ಒಟ್ಟು ಮಿತಿ 9,000 ಕಿಲೋಗ್ರಾಂ ಎಂದುಕೊಳ್ಳಿ. ಸಾಮಾನು, ಜನ, ತುಂಬಿದ ತೊಟ್ಟಿ ಸೇರಿ ಮೋಟಾರ್‌ಹೋಮ್ 6,300 ಕಿಲೋಗ್ರಾಂ ತೂಗುತ್ತದೆ. ಉಳಿದದ್ದು 2,700. ಆದರೆ ಕೊಂಡಿಯ ಮೇಲೆ 5,000 ಪೌಂಡ್, ಅಂದರೆ 2,268 ಕಿಲೋಗ್ರಾಂ ಎಂದು ಅಚ್ಚೊತ್ತಿದೆ. ಈಗ 1,550 ಕಿಲೋಗ್ರಾಂ ತೂಗುವ ಕಾರನ್ನು 900 ಕಿಲೋಗ್ರಾಂ ತೂಕದ ಉಕ್ಕಿನ ಟ್ರೈಲರ್ ಮೇಲೆ ಹೇರಿದರೆ ಮೊತ್ತ 2,450. ಟ್ರೈಲರ್‌ನ ಸ್ವಂತ ಮಿತಿ 3,175 ಕಿಲೋಗ್ರಾಂ ಇದ್ದರೂ ಪ್ರಯೋಜನವಿಲ್ಲ. ಕೊಂಡಿ ಅದನ್ನು ಒಪ್ಪುವುದಿಲ್ಲ. ಸರಪಳಿಯ ಬಲ ಅದರ ಅತ್ಯಂತ ದುರ್ಬಲ ಕೊಂಡಿಯಷ್ಟೇ ಎಂಬ ಮಾತು ಇಲ್ಲಿ ಅಕ್ಷರಶಃ ನಿಜ.

650 ಕಿಲೋಗ್ರಾಂ ತೂಕದ ಅಲ್ಯೂಮಿನಿಯಂ ಟ್ರೈಲರ್ ಆರಿಸಿದರೆ ಮೊತ್ತ 2,200ಕ್ಕೆ ಇಳಿಯುತ್ತದೆ. ಅಲ್ಯೂಮಿನಿಯಂನ ಸಾಂದ್ರತೆ ಉಕ್ಕಿನ ಸಾಂದ್ರತೆಯ ಸುಮಾರು ಮೂರನೆಯ ಒಂದು ಭಾಗ. ಆದರೆ ಅದು ಉಕ್ಕಿಗಿಂತ ಸುಲಭವಾಗಿ ಬಾಗುವುದರಿಂದ ದಪ್ಪ ತೊಲೆಗಳು ಬೇಕು. ಹೀಗಾಗಿ ಟ್ರೈಲರ್‌ನ ತೂಕ ಮೂರನೆಯ ಒಂದು ಭಾಗಕ್ಕೆ ಇಳಿಯದಿದ್ದರೂ ಗಣನೀಯವಾಗಿ ಕಡಿಮೆಯಾಗುತ್ತದೆ. ಬೆಲೆ ಹೆಚ್ಚು ಎಂಬುದೊಂದೇ ತೊಡಕು.

ಗಾಡಿಯ ಮೂಕಿ ಕಲಿಸುವ ಪಾಠ

ಎತ್ತಿನ ಗಾಡಿಗೆ ಸಾಮಾನು ಹೇರುವ ರೈತನನ್ನು ಗಮನಿಸಿ. ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತುಗಳ ಹೆಗಲಿನಿಂದ ಏಳುತ್ತದೆ. ಮುಂಭಾರ ಅತಿಯಾದರೆ ಎತ್ತುಗಳು ಕುಸಿಯುತ್ತವೆ. ಆದ್ದರಿಂದ ಆತ ಸ್ವಲ್ಪವೇ ಮುಂಭಾರವಿರುವಂತೆ ಹೇರುತ್ತಾನೆ. ಟ್ರೈಲರ್‌ಗೂ ಇದೇ ನಿಯಮ. ಅದರ ಮೂತಿ ಮೋಟಾರ್‌ಹೋಮಿನ ಕೊಂಡಿಯ ಮೇಲೆ ಒತ್ತುವ ಭಾರವನ್ನು 'ಕೊಂಡಿಭಾರ' ಎನ್ನೋಣ. ಹೇರಿದ ಟ್ರೈಲರ್‌ನ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಂಡಿಭಾರ ಇರಬೇಕೆಂಬುದು ಅಮೆರಿಕದಲ್ಲಿ ರೂಢಿಯಲ್ಲಿರುವ ಸಲಹೆ.

ಈಗ ಸ್ಮಾರ್ಟ್ ಫೋರ್‌ಟೂ ಎಂಬ ಎರಡು ಆಸನಗಳ ಪುಟಾಣಿ ಕಾರನ್ನು ತೆಗೆದುಕೊಳ್ಳೋಣ. ಅಮೆರಿಕದಲ್ಲಿ 2008ರಿಂದ 2019ರ ವರೆಗೆ ಮಾರಾಟದಲ್ಲಿದ್ದ ಈ ಕಾರಿನ ಮೊದಲ ಮಾದರಿಯ ತೂಕ ಸುಮಾರು 820 ಕಿಲೋಗ್ರಾಂ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಿನ ದೂರ ಸುಮಾರು 1.87 ಮೀಟರ್. ನಮ್ಮ ಟಾಟಾ ನ್ಯಾನೋದಲ್ಲಿದ್ದಂತೆ ಇದರ ಎಂಜಿನ್ ಇರುವುದು ಹಿಂಬದಿಯಲ್ಲಿ. ಲೆಕ್ಕದ ಸಲುವಾಗಿ ಶೇ. 40ರಷ್ಟು ತೂಕ ಮುಂದಿನ ಚಕ್ರಗಳ ಮೇಲೆ, ಶೇ. 60ರಷ್ಟು ಹಿಂದಿನ ಚಕ್ರಗಳ ಮೇಲೆ ಇದೆಯೆಂದು ಭಾವಿಸೋಣ. ಆಗ ಕಾರಿನ ಗುರುತ್ವ ಕೇಂದ್ರ ಎರಡು ಅಚ್ಚುಗಳ ಮಧ್ಯಬಿಂದುವಿನಿಂದ ಸುಮಾರು 19 ಸೆಂಟಿಮೀಟರ್ ಹಿಂದಿರುತ್ತದೆ.

ಟ್ರೈಲರ್‌ಗೆ ಒಂದೇ ಅಚ್ಚು. ಖಾಲಿ ತೂಕ 500 ಕಿಲೋಗ್ರಾಂ, ಖಾಲಿಯಿದ್ದಾಗಿನ ಕೊಂಡಿಭಾರ 50 ಕಿಲೋಗ್ರಾಂ, ಅಚ್ಚಿನಿಂದ ಕೊಂಡಿಗೆ ದೂರ 3 ಮೀಟರ್ ಎಂದಿರಲಿ. ಕಾರು ಸೇರಿದ ಒಟ್ಟು ತೂಕ 1,320 ಕಿಲೋಗ್ರಾಂ. ಆದ್ದರಿಂದ ಕೊಂಡಿಭಾರ 132ರಿಂದ 198 ಕಿಲೋಗ್ರಾಂ ಇರಬೇಕು. ಕಾರಿನ ಮಧ್ಯಬಿಂದು ಟ್ರೈಲರ್‌ನ ಅಚ್ಚಿಗಿಂತ 22 ಸೆಂಟಿಮೀಟರ್ ಮುಂದಿರುವಂತೆ ನಿಲ್ಲಿಸಿದ್ದೇವೆ. ಅಚ್ಚನ್ನು ಆನಿಕೆಯಾಗಿ ತೆಗೆದುಕೊಂಡು ಭ್ರಾಮಕಗಳನ್ನು, ಅಂದರೆ ಭಾರ ಮತ್ತು ದೂರಗಳ ಗುಣಲಬ್ಧವನ್ನು ಸಮೀಕರಿಸೋಣ.

ಕಾರಿನ ಮೂತಿ ಮುಂದಿದ್ದರೆ: ಗುರುತ್ವ ಕೇಂದ್ರ ಅಚ್ಚಿಗಿಂತ 22 − 19 = 3 ಸೆಂ.ಮೀ. ಮುಂದೆ. ಕಾರಿನಿಂದ ಬರುವ ಕೊಂಡಿಭಾರ 820 × 0.03 ÷ 3 = ಸುಮಾರು 8 ಕಿ.ಗ್ರಾಂ. ಒಟ್ಟು 58 ಕಿ.ಗ್ರಾಂ, ಅಂದರೆ ಶೇ. 4.4 ಮಾತ್ರ.

ಕಾರಿನ ಮೂತಿ ಹಿಂದಿದ್ದರೆ: ಗುರುತ್ವ ಕೇಂದ್ರ ಅಚ್ಚಿಗಿಂತ 22 + 19 = 41 ಸೆಂ.ಮೀ. ಮುಂದೆ. ಕಾರಿನಿಂದ ಬರುವ ಕೊಂಡಿಭಾರ 820 × 0.41 ÷ 3 = ಸುಮಾರು 112 ಕಿ.ಗ್ರಾಂ. ಒಟ್ಟು 162 ಕಿ.ಗ್ರಾಂ, ಅಂದರೆ ಶೇ. 12.3.

ಕಾರು ಅದೇ, ಟ್ರೈಲರ್ ಅದೇ, ಚಕ್ರ ನಿಂತ ಜಾಗವೂ ಅದೇ. ಕಾರನ್ನು ಹಿಮ್ಮುಖವಾಗಿ ಹತ್ತಿಸಿದ್ದರಿಂದಲೇ ಅಪಾಯದ ಜೋಡಿ ಸುರಕ್ಷಿತವಾಯಿತು. ಕಾರನ್ನು ಹಿಂದೆ ಮುಂದೆ ಸರಿಸಿ ನಿಲ್ಲಿಸುವಷ್ಟು ಉದ್ದದ ಹಾಸು ಟ್ರೈಲರ್‌ಗೆ ಇರಬೇಕು ಎನ್ನುವುದು ಈ ಕಾರಣಕ್ಕೆ. ಕಾರಿಗೆ ಸರಿಯಾಗಿ ಅಳತೆ ಮಾಡಿಸಿದ ಗಿಡ್ಡ ಟ್ರೈಲರ್‌ನಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಜಾಗವೇ ಇರುವುದಿಲ್ಲ.

ಬಾಲ ಬೀಸುವ ಟ್ರೈಲರ್

ಕೊಂಡಿಭಾರ ಕಡಿಮೆಯಾದರೆ ಆಗುವುದೇನು? ಪಕ್ಕದಿಂದ ಬೀಸಿದ ಗಾಳಿ ಅಥವಾ ಹಾದುಹೋದ ಲಾರಿಯಿಂದಾಗಿ ಟ್ರೈಲರ್ ತುಸು ಓರೆಯಾಯಿತು ಎನ್ನಿ. ಟೈರುಗಳು ರಸ್ತೆಯನ್ನು ಕಚ್ಚಿ ಅದನ್ನು ನೇರಕ್ಕೆ ತರಲು ಯತ್ನಿಸುತ್ತವೆ. ಭಾರ ಅಚ್ಚಿನ ಮುಂದಿದ್ದರೆ ಈ ಓಲಾಟ ಒಂದೆರಡು ಸಲಕ್ಕೆ ಅಡಗುತ್ತದೆ. ಭಾರ ಹಿಂದಿದ್ದರೆ, ಜಡತ್ವದಿಂದ ಹಿಂಬದಿ ಬಾಲದಂತೆ ಬೀಸುತ್ತಲೇ ಹೋಗಿ, ಮುಂದಿನ ಕೊಂಡಿಯನ್ನು ಎದುರು ದಿಕ್ಕಿಗೆ ನೂಕುತ್ತದೆ. ವೇಗ ಹೆಚ್ಚಿದಂತೆ ಆಂದೋಲನವನ್ನು ಅಡಗಿಸುವ ಗುಣ, ಅಂದರೆ ಅವಮಂದನ, ಕುಗ್ಗುತ್ತದೆ. ಒಂದು ವೇಗವನ್ನು ಮೀರಿದ ಮೇಲೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಟ್ರೈಲರ್ ಮಗುಚುವುದು ಹೀಗೆ.

ಮೋಟಾರ್‌ಹೋಮ್ ಟ್ರೈಲರ್‌ಗಿಂತ ಬಹಳ ಭಾರವಾಗಿರುವುದರಿಂದ ಅದನ್ನು ಅಲುಗಿಸುವುದು ಕಷ್ಟ. ಇದು ರಕ್ಷಣೆಯೂ ಹೌದು, ಮರೆಯೂ ಹೌದು. ಹಿಂದಿನ ಓಲಾಟ ಚಾಲಕನ ಅರಿವಿಗೆ ಬರುವುದು ತಡವಾಗಿ. ಹಿಂಬದಿಯ ಕ್ಯಾಮೆರಾ ಇಲ್ಲಿ ಐಷಾರಾಮವಲ್ಲ. ಓಲಾಟ ಕಂಡಾಗ ವೇಗ ಹೆಚ್ಚಿಸಬಾರದು, ಮುಂದಿನ ವಾಹನದ ಬ್ರೇಕನ್ನು ಜೋರಾಗಿ ಒತ್ತಲೂಬಾರದು; ಆಕ್ಸಿಲರೇಟರಿನಿಂದ ಕಾಲು ತೆಗೆದು, ಸಾಧ್ಯವಿದ್ದರೆ ಟ್ರೈಲರ್‌ನ ಬ್ರೇಕನ್ನು ಮಾತ್ರ ಹಾಕಬೇಕು.

ಹಾಗೆಂದು ಕೊಂಡಿಭಾರವನ್ನು ಮನಬಂದಂತೆ ಹೆಚ್ಚಿಸುವಂತಿಲ್ಲ. ಮೋಟಾರ್‌ಹೋಮಿನ ಕೊಂಡಿ ಹಿಂದಿನ ಅಚ್ಚಿನಿಂದ ಬಹಳ ಹಿಂದಿರುತ್ತದೆ. ಎರಡು ಅಚ್ಚುಗಳ ನಡುವೆ 5 ಮೀಟರ್, ಹಿಂದಿನ ಅಚ್ಚಿನಿಂದ ಕೊಂಡಿಗೆ 3 ಮೀಟರ್ ಇದ್ದರೆ, 162 ಕಿಲೋಗ್ರಾಂ ಕೊಂಡಿಭಾರವು ಮುಂದಿನ ಅಚ್ಚಿನಿಂದ 162 × 3 ÷ 5 = 97 ಕಿಲೋಗ್ರಾಂ ಭಾರವನ್ನು ಎತ್ತಿಬಿಡುತ್ತದೆ; ಹಿಂದಿನ ಅಚ್ಚಿಗೆ 259 ಕಿಲೋಗ್ರಾಂ ಸೇರಿಸುತ್ತದೆ. ಮುಂದಿನ ಚಕ್ರ ಹಗುರವಾದಷ್ಟೂ ಸ್ಟಿಯರಿಂಗ್ ಹಿಡಿತ ಕಡಿಮೆ. ಕಬ್ಬು ಹೇರಿದ ಟ್ರೈಲರ್ ಎಳೆಯುವ ಟ್ರಾಕ್ಟರ್‌ನ ಮುಂದಿನ ಚಕ್ರಗಳು ಏರಿನಲ್ಲಿ ನೆಲ ಬಿಟ್ಟೇಳುವುದನ್ನು ಮಂಡ್ಯ, ಬೆಳಗಾವಿ ಕಡೆಯವರು ಕಂಡಿರಬಹುದು. ಅಲ್ಲಿ ಎಳೆತದ ಬಲವೂ ಸೇರಿರುತ್ತದೆ. ಆದರೆ ಕೊಂಡಿಯ ಮೇಲಿನ ಭಾರದ ಪಾತ್ರ ಇದೇ.

ನಿಲ್ಲಿಸುವುದು ಯಾರು?

ಗಂಟೆಗೆ 90 ಕಿಲೋಮೀಟರ್ ಎಂದರೆ ಸೆಕೆಂಡಿಗೆ 25 ಮೀಟರ್. ಈ ವೇಗದಲ್ಲಿ 1,320 ಕಿಲೋಗ್ರಾಂ ರಾಶಿಯ ಚಲನ ಶಕ್ತಿ ½ × 1320 × 25² = 4,12,500 ಜೂಲ್. 20 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಸುಮಾರು ಒಂದೂಕಾಲು ಲೀಟರ್ ನೀರನ್ನು ಕುದಿಯುವ ಬಿಂದುವಿಗೆ ತರಲು ಬೇಕಾಗುವಷ್ಟು ಶಕ್ತಿ ಇದು. ನಿಲ್ಲುವಾಗ ಇಷ್ಟೂ ಉಷ್ಣವಾಗಿ ಬ್ರೇಕುಗಳಿಗೆ ಹೋಗಬೇಕು. ಟ್ರೈಲರ್‌ಗೆ ಬ್ರೇಕ್ ಇಲ್ಲದಿದ್ದರೆ ಮೋಟಾರ್‌ಹೋಮಿನ ಬ್ರೇಕುಗಳೇ ತಮ್ಮ ಪಾಲಿನ ಜೊತೆ ಇದನ್ನೂ ಹೊರಬೇಕು. ಉದ್ದನೆಯ ಘಾಟಿ ಇಳಿಜಾರಿನಲ್ಲಿ ಅವು ಕಾದು ಹಿಡಿತ ಕಳೆದುಕೊಳ್ಳುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 3,000 ಪೌಂಡ್ (ಸುಮಾರು 1,360 ಕಿ.ಗ್ರಾಂ) ಅಥವಾ ಅದಕ್ಕೂ ಹೆಚ್ಚು ಒಟ್ಟು ತೂಕದ ಟ್ರೈಲರ್‌ಗೆ ಬ್ರೇಕ್ ಕಡ್ಡಾಯ, ಬೇರೆ ರಾಜ್ಯಗಳಲ್ಲಿ ಮಿತಿ ಬೇರೆ.

ಟ್ರೈಲರ್ ಬ್ರೇಕುಗಳಲ್ಲಿ ಎರಡು ಬಗೆಗಳು ಸಾಮಾನ್ಯ. ವಿದ್ಯುತ್ ಬ್ರೇಕಿನಲ್ಲಿ, ಚಾಲಕ ಬ್ರೇಕ್ ಒತ್ತಿದಾಗ ಚಕ್ರದೊಳಗಿನ ವಿದ್ಯುತ್ಕಾಂತಕ್ಕೆ ಪ್ರವಾಹ ಹರಿದು, ಅದು ತಿರುಗುವ ಡ್ರಮ್ಮಿಗೆ ಅಂಟಿ ಬ್ರೇಕ್ ಶೂಗಳನ್ನು ಅಗಲಿಸುತ್ತದೆ. ಸರ್ಜ್ ಬ್ರೇಕಿಗೆ ವಿದ್ಯುತ್ತೇ ಬೇಡ. ಮುಂದಿನ ವಾಹನ ನಿಧಾನವಾದಾಗ ಟ್ರೈಲರ್ ಜಡತ್ವದಿಂದ ಮುಂದಕ್ಕೆ ನೂಕುತ್ತದೆ. ಆ ನೂಕೇ ಕೊಂಡಿಯಲ್ಲಿನ ಪಿಸ್ಟನ್ನನ್ನು ಒತ್ತಿ ಬ್ರೇಕ್ ಹಾಕುತ್ತದೆ. ನ್ಯೂಟನ್ನನ ಮೊದಲ ನಿಯಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಆದರೆ ಓಲಾಟದ ವೇಳೆ ಟ್ರೈಲರ್‌ಗೆ ಮಾತ್ರ ಬ್ರೇಕ್ ಹಾಕುವ ಅವಕಾಶ ಇರುವುದು ವಿದ್ಯುತ್ ಬ್ರೇಕಿನಲ್ಲಿ.

ಕೊಳ್ಳುವ ಮುನ್ನ

ಒಂದು ಅಚ್ಚಿನ ಟ್ರೈಲರ್ ಹಗುರ, ಅಗ್ಗ. ಅಲ್ಲಿ ಸಾಮಾನ್ಯವಾಗಿ ಬಳಸುವ ಒಂದು ಅಚ್ಚಿನ ಮಿತಿ 3,500 ಪೌಂಡ್, ಅಂದರೆ ಸುಮಾರು 1,588 ಕಿಲೋಗ್ರಾಂ. ಮೇಲಿನ 820 ಕಿಲೋಗ್ರಾಂ ಕಾರಿಗೆ ಇದು ಸಾಕು. 1,550 ಕಿಲೋಗ್ರಾಂ ಕಾರಿಗೆ ಎರಡು ಅಚ್ಚು ಬೇಕು. ಎರಡು ಅಚ್ಚಿದ್ದರೆ ಒಂದು ಟೈರು ಸಿಡಿದರೂ ಟ್ರೈಲರ್ ತಕ್ಷಣ ಒಂದು ಪಕ್ಕಕ್ಕೆ ಕುಸಿಯುವುದಿಲ್ಲ. ಹೇರಿದ ಮೇಲೆ ಟ್ರೈಲರ್ ನೆಲಕ್ಕೆ ಸಮಾಂತರವಾಗಿರಬೇಕು. ಕೊಂಡಿಯ ಗುಂಡು ಮತ್ತು ಅದನ್ನು ಕಚ್ಚುವ ಬಟ್ಟಲಿನ ಅಳತೆ ಒಂದೇ ಆಗಿರಬೇಕು. ಸುರಕ್ಷಾ ಸರಪಳಿಗಳನ್ನು ಕೊಂಡಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿದರೆ, ಕೊಂಡಿ ಕಳಚಿದಾಗ ಟ್ರೈಲರ್‌ನ ಮೂತಿ ರಸ್ತೆಗೆ ಬಡಿಯದೆ ತೊಟ್ಟಿಲಿನಲ್ಲಿ ಕೂತಂತೆ ಕೂರುತ್ತದೆ.

ಎಲ್ಲಕ್ಕಿಂತ ಮುಖ್ಯವಾಗಿ, ಹೊರಡುವ ಸ್ಥಿತಿಯಲ್ಲೇ ಎರಡೂ ವಾಹನಗಳನ್ನು ತೂಗಿಸಬೇಕು. ನೀರಿನ ತೊಟ್ಟಿ ತುಂಬಿದರೇ 150 ಕಿಲೋಗ್ರಾಂ ಸೇರಬಹುದು. ಕರಪತ್ರದಲ್ಲಿರುವುದು ಖಾಲಿ ವಾಹನದ ತೂಕ. ರಸ್ತೆಯ ಮೇಲೆ ಓಡುವುದು ತುಂಬಿದ ವಾಹನ.

ನೀವೇ ಮಾಡಿ ನೋಡಿ

30 ಸೆಂ.ಮೀ. ಅಳತೆಪಟ್ಟಿಯ 10 ಸೆಂ.ಮೀ. ಗುರುತಿನ ಕೆಳಗೆ ಒಂದು ಪೆನ್ಸಿಲನ್ನು ಅಡ್ಡಲಾಗಿ ಇಡಿ. ಇದು ಅಚ್ಚು. 30ರ ತುದಿ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಕೂರಲಿ. ಇದು ಕೊಂಡಿ. ಪಟ್ಟಿ ಸಮತಲವಾಗಿರುವಂತೆ ಪೆನ್ಸಿಲಿನ ಕೆಳಗೆ ಪುಸ್ತಕಗಳನ್ನಿಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ಬೆಂಕಿಪೊಟ್ಟಣದ ಒಂದು ತುದಿಯೊಳಗೆ ಐದಾರು ನಾಣ್ಯಗಳನ್ನು ಅಂಟಿಸಿ. ಇದೇ ಹಿಂಬದಿ ಎಂಜಿನ್ನಿನ ಕಾರು. ಪೊಟ್ಟಣದ ಮಧ್ಯ 12 ಸೆಂ.ಮೀ. ಗುರುತಿನ ಮೇಲೆ ಬರುವಂತೆ, ನಾಣ್ಯಗಳು ಪೆನ್ಸಿಲಿನ ಕಡೆಗಿರುವಂತೆ ಇಟ್ಟು ತಕ್ಕಡಿ ತೋರಿಸುವ ಸಂಖ್ಯೆಯನ್ನು ಬರೆದುಕೊಳ್ಳಿ. ಅದೇ ಜಾಗದಲ್ಲಿ ಪೊಟ್ಟಣವನ್ನು ತಿರುಗಿಸಿಟ್ಟು ಮತ್ತೆ ನೋಡಿ. ಎರಡು ಸಂಖ್ಯೆಗಳ ವ್ಯತ್ಯಾಸದಿಂದ ಪೊಟ್ಟಣದ ಗುರುತ್ವ ಕೇಂದ್ರ ಮಧ್ಯದಿಂದ ಎಷ್ಟು ದೂರವಿದೆ ಎಂದು ಲೆಕ್ಕ ಹಾಕಬಲ್ಲಿರಾ? ಲೆಕ್ಕ ಸರಿಬಂದರೆ, ಟ್ರೈಲರ್ ಮೇಲೆ ಕಾರನ್ನು ಯಾವ ಕಡೆಗೆ ಮುಖ ಮಾಡಿ ನಿಲ್ಲಿಸಬೇಕೆಂಬುದನ್ನೂ ನೀವು ಹೇಳಬಲ್ಲಿರಿ.