ಚಿತ್ರ, ಗೋಡೆ ಮತ್ತು ಬೆಳಕು

ಚಿತ್ರಪ್ರದರ್ಶನಕ್ಕೆ ಹೋದವರು ಚಿತ್ರಗಳನ್ನು ನೋಡುತ್ತಾರೆಯೇ ಹೊರತು ಗೋಡೆಯನ್ನಾಗಲಿ ದೀಪವನ್ನಾಗಲಿ ನೋಡುವುದಿಲ್ಲ. ಅದು ಹಾಗೆಯೇ ಇರತಕ್ಕದ್ದು. ಆದರೆ ಚಿತ್ರಗಳು ತಾವಾಗಿಯೇ ಗೋಡೆಯನ್ನೇರಿ ಕುಳಿತಿಲ್ಲವಷ್ಟೆ! ಯಾವ ಎತ್ತರದಲ್ಲಿ ತೂಗುಹಾಕಬೇಕು, ಗೋಡೆಗೆ ಯಾವ ಬಣ್ಣ ಬಳಿಯಬೇಕು, ಬೆಳಕು ಎಲ್ಲಿಂದ, ಎಷ್ಟು ಬೀಳಬೇಕು ಎಂಬುದನ್ನೆಲ್ಲ ಯಾರೋ ಮುಂಚಿತವಾಗಿ ಅಳೆದು ನಿರ್ಧರಿಸಿರುತ್ತಾರೆ. ಒಬ್ಬನೇ ಕಲಾವಿದನ ಕೃತಿಗಳನ್ನು ತೋರಿಸುವ ಏಕವ್ಯಕ್ತಿ ಪ್ರದರ್ಶನದಲ್ಲಂತೂ ಈ ಹೊಣೆ ಹೆಚ್ಚು. ಅಲ್ಲಿ ತಪ್ಪಿದರೆ ಒಬ್ಬ ಮನುಷ್ಯನ ಹಲವು ವರ್ಷಗಳ ದುಡಿಮೆಯೇ ಕಳೆಗುಂದಿ ಕಾಣುತ್ತದೆ.

ಕಲಾವಿದನ ಸೂಚನೆಗಳು

1961ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ ಅಮೆರಿಕದ ಚಿತ್ರಕಾರ ಮಾರ್ಕ್ ರಾತ್ಕೊ (1903–1970) ಅವರ ಕೃತಿಗಳ ಪ್ರದರ್ಶನ ಏರ್ಪಟ್ಟಿತು. ರಾತ್ಕೊ ಅವರ ಪ್ರಸಿದ್ಧ ಚಿತ್ರಗಳಲ್ಲಿ ಮನುಷ್ಯರಿಲ್ಲ, ಮರಗಿಡಗಳಿಲ್ಲ. ವಿಶಾಲವಾದ ಕ್ಯಾನ್ವಾಸಿನ ಮೇಲೆ ಅಂಚು ಮಸುಕಾದ ಬಣ್ಣದ ಆಯತಗಳು ಮಾತ್ರ. ಬಣ್ಣವೇ ಸರ್ವಸ್ವವಾದ ಇಂಥ ಚಿತ್ರಗಳನ್ನು ಹೇಗೆ ಇಡಬೇಕೆಂಬುದನ್ನು ಕುರಿತು ಅವರು ಗ್ಯಾಲರಿಗೆ ವಿವರವಾದ ಸೂಚನೆಗಳನ್ನು ಕಳುಹಿಸಿದರು.

ಗೋಡೆ ಅಚ್ಚ ಬಿಳುಪಾಗಿರಕೂಡದು. ಬಿಳುಪಿಗೆ ಕಂದು ಬಣ್ಣವನ್ನೂ ಸ್ವಲ್ಪ ಕೆಂಪನ್ನೂ ಬೆರೆಸಿರಬೇಕು ಎಂಬುದು ಒಂದು ಸೂಚನೆ. ಗೋಡೆ ತೀರ ಬೆಳ್ಳಗಿದ್ದರೆ ತಮ್ಮ ಕೆಂಪುಪ್ರಧಾನ ಚಿತ್ರಗಳು ಹಸಿರು ಛಾಯೆಗೆ ತಿರುಗಿದಂತೆ ಕಾಣುತ್ತವೆಂದು ಅವರು ಕಂಡುಕೊಂಡಿದ್ದರು. ಇದು ಕಲಾವಿದನ ಹಟವಲ್ಲ. ನಮ್ಮ ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ. ನೆರೆಯ ಬಣ್ಣದೊಡನೆ ಹೋಲಿಸಿಯೇ ನೋಡುತ್ತದೆ. ಪ್ಯಾರಿಸ್ಸಿನ ಗೊಬೆಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿದ್ದ ರಸಾಯನವಿಜ್ಞಾನಿ ಶೆವ್ರಲ್, ಈ ತತ್ತ್ವವನ್ನು 1839ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದನು. ಕಪ್ಪು ನೂಲು ಕಳೆಗುಂದಿ ಕಾಣುತ್ತದೆಂದು ದೂರು ಬಂದಾಗ, ದೋಷವಿದ್ದದ್ದು ನೂಲಿನ ಬಣ್ಣದಲ್ಲಲ್ಲ, ಅದರ ಪಕ್ಕದಲ್ಲಿದ್ದ ಬಣ್ಣದಲ್ಲಿ ಎಂದು ಅವನು ತೋರಿಸಿಕೊಟ್ಟನು. ವಾಚಕರು ಕೆಂಪು ಕಾಗದವೊಂದನ್ನು ಅರ್ಧ ನಿಮಿಷ ದಿಟ್ಟಿಸಿ, ಒಡನೆಯೇ ಬಿಳಿಯ ಗೋಡೆಯ ಕಡೆಗೆ ನೋಡಲಿ. ಅಲ್ಲಿ ನಸುಹಸಿರು ಛಾಯೆಯೊಂದು ತೇಲುತ್ತದೆ. ಕೆಂಪಿಗೆ ದಣಿದ ಕಣ್ಣು ತಾನೇ ಹುಟ್ಟಿಸಿದ ಹಸಿರು ಅದು.

ದೊಡ್ಡ ಚಿತ್ರಗಳು ನೆಲದಿಂದ 6 ಅಂಗುಲಕ್ಕಿಂತ ಮೇಲೆ ಇರಬಾರದೆಂಬುದು ಮತ್ತೊಂದು ಸೂಚನೆ. ಬೆಳಕು ಮಂದವಾಗಿ, ಚಿತ್ರದ ಮೇಲೆಲ್ಲ ಸಮನಾಗಿ ಹರಡಿರಬೇಕೆಂಬುದು ಇನ್ನೊಂದು.

ಎತ್ತರ ಮತ್ತು ತಂತಿ

ಸಾಧಾರಣ ಗಾತ್ರದ ಚಿತ್ರಗಳಿಗಾದರೋ ಬೇರೊಂದು ರೂಢಿಯುಂಟು. ನಿಂತವನ ಕಣ್ಣಿನ ಮಟ್ಟಕ್ಕೆ ಹೊಂದುವಂತೆ ಚಿತ್ರದ ನಡುಬಿಂದುವನ್ನು ನೆಲದಿಂದ ಸುಮಾರು 145 ಸೆಂಟಿಮೀಟರ್ ಎತ್ತರದಲ್ಲಿ ನಿಲ್ಲಿಸುತ್ತಾರೆ. ಹಾಗಾದರೆ ಮೊಳೆಯನ್ನು ಹೊಡೆಯುವುದು ಎಲ್ಲಿ? ಚಿತ್ರದ ಎತ್ತರ 80 ಸೆಂಟಿಮೀಟರ್, ಬಿಗಿಯಾಗಿ ಎಳೆದ ತಂತಿಯ ತುದಿ ಚೌಕಟ್ಟಿನ ಮೇಲಂಚಿನಿಂದ 10 ಸೆಂಟಿಮೀಟರ್ ಕೆಳಗೆ ಇದೆಯೆನ್ನೋಣ. 145ಕ್ಕೆ ಎತ್ತರದ ಅರ್ಧವಾದ 40ನ್ನು ಕೂಡಿಸಿ 10ನ್ನು ಕಳೆದರೆ 175 ಸೆಂಟಿಮೀಟರ್ ಬರುತ್ತದೆ. ಪ್ರತಿಯೊಂದು ಚಿತ್ರಕ್ಕೂ ಈ ಲೆಕ್ಕ ಮಾಡಿಟ್ಟುಕೊಂಡರೆ ಗೋಡೆಯಲ್ಲಿ ವ್ಯರ್ಥ ತೂತುಗಳು ಬೀಳುವುದಿಲ್ಲ.

ತಂತಿಯನ್ನು ತೀರ ಬಿಗಿಯಾಗಿ ಕಟ್ಟಿದರೆ ಭದ್ರವೆಂದು ಹಲವರು ಭಾವಿಸುತ್ತಾರೆ. ನಿಜಸ್ಥಿತಿ ಇದಕ್ಕೆ ವಿರುದ್ಧ. 10 ಕಿಲೋಗ್ರಾಂ ತೂಕದ ಚಿತ್ರವೊಂದರ ತಂತಿಯು ಅಡ್ಡಗೆರೆಯೊಡನೆ 30 ಡಿಗ್ರಿ ಕೋನ ಮಾಡಿದರೆ, ತಂತಿಯ ಒಂದೊಂದು ಪಾರ್ಶ್ವದ ಸೆಳೆತವೂ 10 ಕಿಲೋಗ್ರಾಂ ತೂಕಕ್ಕೆ ಸಮ. ಕೋನ 15 ಡಿಗ್ರಿಗೆ ಇಳಿದರೆ ಸೆಳೆತ 19ನ್ನು ದಾಟುತ್ತದೆ. 5 ಡಿಗ್ರಿಯಾದರೆ 57ಕ್ಕೆ ಏರುತ್ತದೆ! ಚಿತ್ರದ ತೂಕ ಒಂದಿಷ್ಟೂ ಹೆಚ್ಚಲಿಲ್ಲ. ತಂತಿಯೂ ಚೌಕಟ್ಟಿನ ತಿರುಪುಗಳೂ ಹೊರುವ ಭಾರ ಮಾತ್ರ ಸುಮಾರು ಆರು ಪಾಲಾಯಿತು. ತಂತಿ ಕೊಂಚ ಸಡಿಲವಾಗಿರುವುದೇ ಕ್ಷೇಮ.

ಬೆಳಕಿನ ಬೆಲೆ

ಇನ್ನು ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಬೆಳಕಿನದು. ಬೆಳಕಿಲ್ಲದೆ ಚಿತ್ರವಿಲ್ಲ, ಆದರೆ ಚಿತ್ರವನ್ನು ತೋರಿಸುವ ಬೆಳಕೇ ಅದನ್ನು ಮೆಲ್ಲಮೆಲ್ಲನೆ ಅಳಿಸುತ್ತದೆ. ವರ್ಣದ್ರವ್ಯದ ಅಣುಗಳು ಬೆಳಕಿನ ಶಕ್ತಿಯನ್ನು ಹೀರಿ ಒಡೆಯುತ್ತವೆ. ಅತಿನೇರಳೆ ಕಿರಣಗಳು ಈ ಕೆಲಸದಲ್ಲಿ ಬಹು ಚುರುಕು. ಬ್ರಿಟನ್ನಿನಲ್ಲಿ ರಸೆಲ್ ಮತ್ತು ಆಬ್ನೀ ಎಂಬ ವಿಜ್ಞಾನಿಗಳು ಜಲವರ್ಣಗಳ ಮೇಲೆ ಪ್ರಯೋಗಗಳನ್ನು ನಡೆಸಿ 1888ರಲ್ಲಿಯೇ ಇದರ ವರದಿಯನ್ನು ಪ್ರಕಟಿಸಿದರು. ಹೀಗೆ ಹೋದ ಬಣ್ಣವನ್ನು ಕತ್ತಲೆಯಲ್ಲಿಟ್ಟು ಮರಳಿ ಪಡೆಯಲಾಗದು.

ಒಂದು ಮೇಣದ ಬತ್ತಿಯು ಒಂದು ಮೀಟರ್ ದೂರದಲ್ಲಿ ಬೀರುವ ಪ್ರಕಾಶವು ಸುಮಾರು 1 ಲಕ್ಸ್. ಜಲವರ್ಣಗಳಿಗೆ 50 ಲಕ್ಸ್, ತೈಲಚಿತ್ರಗಳಿಗೆ 200 ಲಕ್ಸ್ ಸಾಕೆಂಬುದು ಗ್ಯಾಲರಿಗಳ ವಾಡಿಕೆ. ದಿನಕ್ಕೆ 8 ಗಂಟೆಗಳಂತೆ ಜಲವರ್ಣವೊಂದಕ್ಕೆ ಸಲ್ಲುವುದು 400 ಲಕ್ಸ್-ಗಂಟೆ. ನೇರ ಬಿಸಿಲಿನ ಪ್ರಕಾಶವಾದರೋ ಸುಮಾರು 1,00,000 ಲಕ್ಸ್. ಅಂದರೆ, ಕಿಟಕಿಯಿಂದ ಒಳನುಗ್ಗಿದ ಒಂದು ಗಂಟೆಯ ಬಿಸಿಲು 250 ದಿನಗಳ ಪ್ರದರ್ಶನಕ್ಕೆ ಸಮ! ಹೆನ್ರಿ ವಾನ್ ಎಂಬ ಸಂಗ್ರಾಹಕನು ಟರ್ನರನ 38 ಜಲವರ್ಣಗಳನ್ನು ಸ್ಕಾಟ್ಲೆಂಡಿನ ರಾಷ್ಟ್ರೀಯ ಗ್ಯಾಲರಿಗೆ ಬಿಟ್ಟುಹೋದನು. ಅವನ್ನು ಜನವರಿ ತಿಂಗಳಲ್ಲಿ ಮಾತ್ರ ತೋರಿಸಬೇಕೆಂಬುದು ಅವನ ಷರತ್ತು. ಅಲ್ಲಿ ಬಿಸಿಲು ಬಹಳ ಕ್ಷೀಣವಾಗಿರುವ ಕಾಲವದು. 1900ರಲ್ಲಿ ಗ್ಯಾಲರಿಯ ಕೈಸೇರಿದ ಆ ಚಿತ್ರಗಳ ಬಣ್ಣ ಇಂದಿಗೂ ತಾಜಾ ಆಗಿದೆ.

ಅಳಿದ ಕೆಂಪು

ಬೆಳಕಿನ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಿದ್ದ ರಾತ್ಕೊ ಅವರ ಚಿತ್ರಗಳಿಗೇ ಈ ವಿಪತ್ತು ಒದಗಿದುದು ವಿಷಾದದ ಸಂಗತಿ. 1964ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಒಂದು ಭೋಜನಶಾಲೆಯಲ್ಲಿ ಅವರ ಐದು ಬೃಹತ್ ಚಿತ್ರಗಳನ್ನು ಸ್ಥಾಪಿಸಲಾಯಿತು. ಅವುಗಳಲ್ಲಿ ಅವರು ಬಳಸಿದ್ದ ಲಿಥಾಲ್ ರೆಡ್ ಎಂಬ ಕೆಂಪು ವರ್ಣದ್ರವ್ಯವು ಬೆಳಕಿಗೆ ತಾಳದು. ದೊಡ್ಡ ಕಿಟಕಿಗಳಿಂದ ಬಿಸಿಲು ಬೀಳುತ್ತ ಬೀಳುತ್ತ ಕಡುಗೆಂಪು ಮಾಯವಾಗಿ, ಕೆಲವೆಡೆ ತಿಳಿನೀಲಿ ಉಳಿಯಿತು. 1979ರ ಹೊತ್ತಿಗೆ ಚಿತ್ರಗಳನ್ನು ಕೆಳಗಿಳಿಸಿ ಕತ್ತಲೆಯ ಉಗ್ರಾಣಕ್ಕೆ ಸೇರಿಸಬೇಕಾಯಿತು.

2014ರಲ್ಲಿ ಅವು ಮತ್ತೆ ಹೊರಬಂದವು. ಮೂಲ ಕೃತಿಗೆ ಹೊಸ ಬಣ್ಣ ಬಳಿಯುವುದು ಯಾರಿಗೂ ಸಮ್ಮತವಿರಲಿಲ್ಲ. ಆದುದರಿಂದ ವಿಜ್ಞಾನಿಗಳು 1964ರ ಛಾಯಾಚಿತ್ರಗಳ ನೆರವಿನಿಂದ ಹಳೆಯ ಬಣ್ಣವನ್ನು ಲೆಕ್ಕಹಾಕಿ, ಎಲ್ಲೆಲ್ಲಿ ಎಷ್ಟು ಬಣ್ಣ ಹೋಗಿದೆಯೋ ಅಲ್ಲಲ್ಲಿ ಅಷ್ಟೇ ಬಣ್ಣದ ಬೆಳಕನ್ನು ಪ್ರಕ್ಷೇಪಕದಿಂದ ಬೀರಿದರು. ಬೆಳಕು ಕಿತ್ತುಕೊಂಡದ್ದನ್ನು ಬೆಳಕಿನಿಂದಲೇ ತುಂಬಿದರು. ಆದರೆ ಪ್ರತಿದಿನ ಸಂಜೆ 4 ಗಂಟೆಗೆ ಪ್ರಕ್ಷೇಪಕವನ್ನು ಆರಿಸುತ್ತಿದ್ದರು; ಆಗ ನೆರೆದವರ ಕಣ್ಣೆದುರಿಗೇ ಕೆಂಪು ಜಾರಿಹೋಗಿ ಮಾಸಿದ ಕ್ಯಾನ್ವಾಸ್ ಉಳಿಯುತ್ತಿತ್ತು.

ನಾಳೆ ನಿಮ್ಮ ಕಾಲೇಜಿನಲ್ಲಿ ಸಹಪಾಠಿಯೊಬ್ಬನ ಚಿತ್ರಗಳನ್ನು ತೂಗುಹಾಕುವ ಪ್ರಸಂಗ ಬಂದೀತು. ಸುತ್ತಿಗೆಯನ್ನು ಹಿಡಿಯುವ ಮೊದಲು, ಮಧ್ಯಾಹ್ನದ ಬಿಸಿಲು ಆ ಗೋಡೆಯ ಯಾವ ಭಾಗದವರೆಗೆ ಬರುತ್ತದೆಂದು ಒಂದು ದಿನ ನಿಂತು ನೋಡಿರಿ. ಪ್ರದರ್ಶನದ ಸಿದ್ಧತೆ ಅಲ್ಲಿಂದ ಮೊದಲಾಗುತ್ತದೆ.