ಹಳೆಯ ಪಿತ್ತನಾಳ ರೋಗಿಗೆ ಮತ್ತೆ ಕಾಮಾಲೆ ಬಂದಾಗ

ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಹೋಬಳಿಯಲ್ಲಿಯೂ, ರಾಜ್ಯದ ಇತರೆ ಗ್ರಾಮೀಣ ಭಾಗಗಳಂತೆ, ಕಣ್ಣು ಹಳದಿಯಾದೊಡನೆ ನಾಟಿ ಔಷಧಿಯ ಮೊರೆ ಹೋಗುವುದುಂಟು. ಕಲುಷಿತ ನೀರಿನಿಂದ ಹರಡುವ ವೈರಾಣು ಕಾಮಾಲೆಯು ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಕೀರ್ತಿ ಮಾತ್ರ ಔಷಧಿಗೆ ಸಲ್ಲುತ್ತದೆ. ಪಿತ್ತನಾಳ ಕಟ್ಟಿಕೊಂಡು ಬರುವ ಕಾಮಾಲೆಯು ಅಂಥದ್ದಲ್ಲ. ಕಡು ಬಣ್ಣದ ಮೂತ್ರ, ಬಿಳಿಚಿದ ಮಲ, ಮೈಯೆಲ್ಲ ನವೆ ಇದರ ಗುರುತುಗಳು.

ಯಕೃತ್ತಿನ ಪಿತ್ತರಸವನ್ನು ಕರುಳಿಗೆ ಒಯ್ಯುವ ಕೊಳವೆಯೇ ಪಿತ್ತನಾಳ. ಪ್ರೈಮರಿ ಸ್ಕ್ಲಿರೋಸಿಂಗ್ ಕೊಲಾಂಜೈಟಿಸ್ ಎಂಬ ದೀರ್ಘಕಾಲೀನ ರೋಗದಲ್ಲಿ ಈ ನಾಳಗಳು ಉರಿಯೂತದಿಂದ ಗಾಯಗೊಂಡು ಅಲ್ಲಲ್ಲಿ ಕಿರಿದಾಗುತ್ತವೆ. ರೋಗವು ಅಪರೂಪದ್ದು. ಆದರೆ ಇದಕ್ಕೆ ತುತ್ತಾದ 100 ಮಂದಿಯಲ್ಲಿ ಸುಮಾರು 10ರಿಂದ 15 ಮಂದಿಗೆ ಜೀವಮಾನದಲ್ಲಿ ಪಿತ್ತನಾಳದ ಕ್ಯಾನ್ಸರ್ ತಗಲುವ ಸಂಭವವಿದೆ. ಹುಟ್ಟಿನಿಂದಲೇ ನಾಳವು ಚೀಲದಂತೆ ಉಬ್ಬಿರುವವರಿಗೂ, ಯಕೃತ್ತಿನೊಳಗಿನ ನಾಳಗಳಲ್ಲಿ ಕಲ್ಲುಗಳಿರುವವರಿಗೂ ಅಪಾಯ ಹೆಚ್ಚು. ಪಿತ್ತಕೋಶದಲ್ಲಿ ಕಲ್ಲಿರುವವರೆಲ್ಲರೂ ಈ ವರ್ಗಕ್ಕೆ ಸೇರುವುದಿಲ್ಲವೆಂಬುದನ್ನು ಗಮನಿಸತಕ್ಕದ್ದು.

ಪತ್ತೆಯ ತೊಡಕು ಇರುವುದು ಇಲ್ಲಿಯೇ. ಹಳೆಯ ಗಾಯದಿಂದ ಕಿರಿದಾದ ನಾಳವೂ ಕ್ಯಾನ್ಸರಿನಿಂದ ಕಿರಿದಾದ ನಾಳವೂ ಸ್ಕ್ಯಾನ್ ಚಿತ್ರದಲ್ಲಿ ಒಂದೇ ತೆರನಾಗಿ ಕಾಣಬಹುದು. ಗ್ರಾಮದ ನೀರಿನ ಕೊಳವೆಯಲ್ಲಿ ಹರಿವು ಕುಗ್ಗಿದಾಗ ಅದು ಹಳೆಯ ಸುಣ್ಣದ ಪದರವೋ ಹೊಸ ತಡೆಯೋ ಎಂದು ಹೊರಗಿನಿಂದ ಹೇಳಲಾಗದು. ಹಿಂದಿನ ಅಳತೆ ಕೈಯಲ್ಲಿದ್ದರೆ ವ್ಯತ್ಯಾಸ ತಿಳಿಯುತ್ತದೆ. ಪಿತ್ತನಾಳದ ವಿಷಯವೂ ಹಾಗೆಯೇ. ಆದಕಾರಣ ಮೇಲಿನ ದೀರ್ಘಕಾಲೀನ ರೋಗವುಳ್ಳ ವಯಸ್ಕರು ಆರೋಗ್ಯವಾಗಿದ್ದಾಗಲೂ ವರ್ಷಕ್ಕೊಮ್ಮೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಪರೀಕ್ಷೆಗೆ ಒಳಪಡಬೇಕೆಂಬುದು ತಜ್ಞರ ಸಲಹೆ. ಸಿಎ 19-9 ಎಂಬ ರಕ್ತಪರೀಕ್ಷೆಯನ್ನೂ ಮಾಡುವುದುಂಟು. ಅದೊಂದನ್ನೇ ನೆಚ್ಚಲಾಗದು: ನಾಳದ ಸೋಂಕಿನಿಂದಲೂ ಅದರ ಪ್ರಮಾಣ ಏರುತ್ತದೆ, ಕೆಲವರಲ್ಲಿ ಕ್ಯಾನ್ಸರ್ ಇದ್ದರೂ ಏರುವುದೇ ಇಲ್ಲ. ಸಂಶಯ ಉಳಿದಲ್ಲಿ ಇಆರ್‌ಸಿಪಿ ವಿಧಾನದಲ್ಲಿ ಬಾಯಿಯ ಮೂಲಕ ಎಂಡೋಸ್ಕೋಪ್ ಇಳಿಸಿ, ಕಿರಿದಾದ ಭಾಗದಿಂದ ಜೀವಕೋಶಗಳನ್ನು ಸಂಗ್ರಹಿಸಿ ಪರೀಕ್ಷಿಸುತ್ತಾರೆ. ಒಮ್ಮೆ ಕ್ಯಾನ್ಸರ್ ಕಾಣದಿದ್ದ ಮಾತ್ರಕ್ಕೆ ಸಂಶಯ ನಿವಾರಣೆಯಾಗದು, ಮರುಪರೀಕ್ಷೆ ಬೇಕಾಗಬಹುದು. ಬೇಗ ಪತ್ತೆಯಾದರೆ ಶಸ್ತ್ರಚಿಕಿತ್ಸೆಯಿಂದ ಗಡ್ಡೆಯನ್ನು ತೆಗೆಯುವ ಅವಕಾಶವಿರುತ್ತದೆ. ತಡವಾದರೆ ಬಹುಮಟ್ಟಿಗೆ ಸ್ಟೆಂಟ್ ಇರಿಸಿ ಕಾಮಾಲೆ ಇಳಿಸುವುದು ಹಾಗೂ ಔಷಧಿಯಿಂದ ರೋಗವನ್ನು ತಡೆಹಿಡಿಯುವುದಷ್ಟೇ ಉಳಿಯುತ್ತದೆ.

ಗ್ರಾಮ ಪಂಚಾಯಿತಿ ಸದಸ್ಯರು ಆಶಾ ಕಾರ್ಯಕರ್ತೆಯರ ಮೂಲಕ ಇಂತಹ ರೋಗಿಗಳ ಕುಟುಂಬಗಳಿಗೆ ಎರಡು ಸಂಗತಿಗಳನ್ನು ಮನವರಿಕೆ ಮಾಡಿಕೊಡಬಹುದಾಗಿದೆ. ಹಳೆಯ ಸ್ಕ್ಯಾನ್ ಚಿತ್ರಗಳನ್ನೂ ವರದಿಗಳನ್ನೂ ಎಸೆಯದೆ ಪ್ರತಿ ಭೇಟಿಯಲ್ಲಿ ಒಯ್ಯಬೇಕು. ಹೊಸದಾಗಿ ಕಾಮಾಲೆ, ನವೆ ಅಥವಾ ತೂಕ ಇಳಿಕೆ ಕಂಡುಬಂದರೆ “ಹಳೆಯದೇ ಮರುಕಳಿಸಿದೆ” ಎಂದು ಕಾಯದೆ ಆಸ್ಪತ್ರೆಗೆ ಹೋಗಬೇಕು. ಕಾಮಾಲೆಯೊಂದಿಗೆ ಚಳಿಜ್ವರವಿದ್ದರೆ ಅದೇ ದಿನ. ಬಿಪಿಎಲ್ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ವಾರ್ಷಿಕ 5 ಲಕ್ಷ ರೂಪಾಯಿವರೆಗೆ ಚಿಕಿತ್ಸಾ ನೆರವಿದ್ದು, ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮೊದಲೇ ಪಡೆದುಕೊಳ್ಳುವುದು ಸೂಕ್ತ.