ಒಂಟಿ ಎಲೆಕ್ಟ್ರಾನಿನ ಮೇಲಿನ ದೂರು

ಫಿನ್‌ಲೆಂಡಿನಲ್ಲಿ 1985ರಲ್ಲಿ ಒಂದು ದೊಡ್ಡ ಪ್ರಯೋಗ ಶುರುವಾಯಿತು. ಅದರಲ್ಲಿದ್ದವರು 50ರಿಂದ 69 ವರ್ಷದ 29,133 ಗಂಡಸರು, ಎಲ್ಲರೂ ಸಿಗರೇಟು ಸೇದುವವರೇ. ಕೆಲವರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟಿನ್, ಕೆಲವರಿಗೆ ವಿಟಮಿನ್ ಇ, ಇನ್ನು ಕೆಲವರಿಗೆ ಎರಡೂ, ಉಳಿದವರಿಗೆ ಔಷಧವೇ ಇಲ್ಲದ ಮಾತ್ರೆ. ಕ್ಯಾರೆಟ್ಟಿಗೆ ಬಣ್ಣ ಕೊಡುವ ಬೀಟಾ ಕ್ಯಾರೊಟಿನ್ ಶ್ವಾಸಕೋಶದ ಕ್ಯಾನ್ಸರನ್ನು ತಡೆದೀತು ಎಂಬ ನಿರೀಕ್ಷೆ ಎಲ್ಲರಲ್ಲೂ ಇತ್ತು. 1994ರಲ್ಲಿ ಬಂದ ಫಲಿತಾಂಶ ಅದನ್ನು ತಲೆಕೆಳಗು ಮಾಡಿತು. ಬೀಟಾ ಕ್ಯಾರೊಟಿನ್ ನುಂಗಿದವರಲ್ಲಿ ಆ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ಅಮೆರಿಕದಲ್ಲಿ ಧೂಮಪಾನಿಗಳಿಗೂ ಕಲ್ನಾರಿನ ದೂಳಿನಲ್ಲಿ ದುಡಿದವರಿಗೂ ಬೀಟಾ ಕ್ಯಾರೊಟಿನ್ ಜೊತೆ ವಿಟಮಿನ್ ಎ ಕೊಟ್ಟು ನೋಡುತ್ತಿದ್ದರು. ಅಲ್ಲೂ ಇದೇ ಕಥೆ. 1996ರಲ್ಲಿ ಆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು.

ಈ ಪ್ರಯೋಗಗಳ ಹಿಂದಿದ್ದ ತರ್ಕ ಇಂದಿಗೂ ಔಷಧಿ ಅಂಗಡಿಯ ಡಬ್ಬಿಗಳ ಮೇಲೆ ಜೀವಂತವಾಗಿದೆ: ಫ್ರೀ ರ್‍ಯಾಡಿಕಲ್ ಕೆಟ್ಟದ್ದು, ಅದನ್ನು ಅಡಗಿಸುವ ಆ್ಯಂಟಿಆಕ್ಸಿಡೆಂಟ್ ಒಳ್ಳೆಯದು, ಹಾಗಾಗಿ ಹೆಚ್ಚು ನುಂಗಿದಷ್ಟೂ ಲಾಭ. ಕೇಳಲು ಚೆನ್ನಾಗಿದೆ. ಆದರೆ ರ್‍ಯಾಡಿಕಲ್‌ನ ಜಾತಕ ಅಷ್ಟು ಸರಳವಲ್ಲ.

ಅಣುಗಳಲ್ಲಿ ಎಲೆಕ್ಟ್ರಾನುಗಳು ಸಾಮಾನ್ಯವಾಗಿ ಜೋಡಿ ಜೋಡಿಯಾಗಿರುತ್ತವೆ. ಜೋಡಿಯಿಲ್ಲದ ಎಲೆಕ್ಟ್ರಾನ್ ಉಳಿದುಕೊಂಡ ಅಣುವೇ ಫ್ರೀ ರ್‍ಯಾಡಿಕಲ್. ಅಂಥದ್ದು ಸ್ವತಂತ್ರವಾಗಿ ಇರಲಾರದು ಎಂದೇ ಹತ್ತೊಂಬತ್ತನೇ ಶತಮಾನದ ಕೊನೆಯ ರಸಾಯನ ವಿಜ್ಞಾನಿಗಳು ನಂಬಿದ್ದರು. ಇಂಗಾಲಕ್ಕೆ ನಾಲ್ಕು ಕೈ, ನಾಲ್ಕೂ ಯಾವುದನ್ನಾದರೂ ಹಿಡಿದಿರಲೇಬೇಕು. 1900ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಮೋಸೆಸ್ ಗೊಂಬರ್ಗ್ ಈ ನಂಬಿಕೆಯನ್ನು ಮುರಿಯಲು ಹೊರಟವರೇನಲ್ಲ. ಹೆಕ್ಸಾಫಿನೈಲ್‌ಈಥೇನ್ ಎಂಬ ವಸ್ತುವನ್ನು ತಯಾರಿಸುವುದಷ್ಟೇ ಅವರ ಉದ್ದೇಶ. ಸಿಕ್ಕ ಪುಡಿಯಲ್ಲಿ ಮಾತ್ರ ಇರಬಾರದ ಆಮ್ಲಜನಕ ಸೇರಿಕೊಂಡಿತ್ತು. ಗಾಳಿ ಸೋಕದಂತೆ ಮತ್ತೆ ಮಾಡಿದರು. ಈ ಸಲ ಸಿಕ್ಕಿದ್ದು ಕರಗಿಸಿದರೆ ಹಳದಿಯಾಗುವ, ಆಮ್ಲಜನಕವನ್ನೂ ಅಯೋಡಿನನ್ನೂ ಕಂಡಲ್ಲೇ ಬಾಚಿಕೊಳ್ಳುವ ವಸ್ತು. ಇಂಗಾಲದ ಒಂದು ಕೈ ಖಾಲಿ ಇದೆ ಎಂದು ಗೊಂಬರ್ಗ್ ಸಾರಿದರು. ಈ ಕ್ಷೇತ್ರವನ್ನು ತನಗೇ ಬಿಟ್ಟುಕೊಡಬೇಕೆಂಬ ಆಸೆಯನ್ನೂ ಪ್ರಬಂಧದ ಕೊನೆಯಲ್ಲಿ ಬರೆದರು. ಯಾರೂ ಬಿಟ್ಟುಕೊಡಲಿಲ್ಲ ಎಂದು ಬೇರೆ ಹೇಳಬೇಕಿಲ್ಲ.

ನಾವು ಉಸಿರಾಡುವ ಆಮ್ಲಜನಕದ ಅಣುವಿನಲ್ಲೇ ಜೋಡಿಯಿಲ್ಲದ ಎರಡು ಎಲೆಕ್ಟ್ರಾನುಗಳಿವೆ. ದ್ರವ ಆಮ್ಲಜನಕವನ್ನು ಬಲವಾದ ಅಯಸ್ಕಾಂತದ ಧ್ರುವಗಳ ನಡುವೆ ಸುರಿದರೆ ಅಲ್ಲೇ ಅಂಟಿ ನಿಲ್ಲುವುದು ಅದಕ್ಕೇ. ಹುಚ್ಚೆಳ್ಳು ಚಟ್ನಿಪುಡಿ ಕೆಲವು ವಾರಗಳಲ್ಲಿ ಕಮಟು ವಾಸನೆ ಹಿಡಿಯುವುದೂ ರ್‍ಯಾಡಿಕಲ್‌ಗಳ ಕೆಲಸವೇ. ಒಂದು ರ್‍ಯಾಡಿಕಲ್ ಎಣ್ಣೆಯ ಅಣುವಿನಿಂದ ಹೈಡ್ರೋಜನ್ ಕಿತ್ತುಕೊಳ್ಳುತ್ತದೆ. ಕಳೆದುಕೊಂಡ ಅಣು ತಾನೇ ರ್‍ಯಾಡಿಕಲ್ ಆಗಿ, ಆಮ್ಲಜನಕವನ್ನು ಕೂಡಿಕೊಂಡು, ಪಕ್ಕದ ಅಣುವಿಗೆ ಕೈಹಾಕುತ್ತದೆ. ಎಣ್ಣೆಯಲ್ಲಿ ಸಹಜವಾಗಿಯೇ ಇರುವ ವಿಟಮಿನ್ ಇ ತನ್ನ ಹೈಡ್ರೋಜನನ್ನು ಕೊಟ್ಟು ಈ ಸರಪಳಿಯನ್ನು ತುಂಡರಿಸುತ್ತದೆ. ನಮ್ಮ ಜೀವಕೋಶಗಳ ಪೊರೆಯಲ್ಲೂ ಕೊಬ್ಬಿದೆ. ಅಲ್ಲೂ ಇದೇ ಆಟ ನಡೆಯುತ್ತದೆ.

ಮುಪ್ಪಿಗೆ ಇದೇ ಕಾರಣ ಎಂದು 1956ರಲ್ಲಿ ವಾದ ಮುಂದಿಟ್ಟವರು ಡೆನ್ಹಮ್ ಹಾರ್ಮನ್. ಶೆಲ್ ತೈಲ ಕಂಪನಿಯಲ್ಲಿ ರಸಾಯನ ವಿಜ್ಞಾನಿಯಾಗಿದ್ದು ಆಮೇಲೆ ವೈದ್ಯಕೀಯ ಓದಿದವರು. 1969ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೋವಿಚ್, ಸೂಪರ್‌ಆಕ್ಸೈಡ್ ಎಂಬ ರ್‍ಯಾಡಿಕಲನ್ನು ವಿಲೇವಾರಿ ಮಾಡಲೆಂದೇ ನಮ್ಮ ದೇಹದಲ್ಲಿರುವ ಕಿಣ್ವವನ್ನು ಗುರುತಿಸಿದರು. ಹಾರ್ಮನ್ ವಾದಕ್ಕೆ ಬಲ ಬಂತು. ದೇಹ ತನ್ನ ರಕ್ಷಣೆಯನ್ನು ತಾನೇ ಮಾಡಿಕೊಂಡಿದೆ ಎಂಬ ಸತ್ಯ ಮಾತ್ರ ಜಾಹೀರಾತಿಗೆ ಬೇಕಾಗಲಿಲ್ಲ.

ದೇಹ ರ್‍ಯಾಡಿಕಲ್‌ಗಳನ್ನು ಬೇಕೆಂದೇ ತಯಾರಿಸುತ್ತದೆ. ರೋಗಾಣುವನ್ನು ನುಂಗಿದ ಬಿಳಿ ರಕ್ತಕಣ ಅದರ ಮೇಲೆ ಬಿಡುವ ಅಸ್ತ್ರಗಳಲ್ಲಿ ಸೂಪರ್‌ಆಕ್ಸೈಡ್ ಒಂದು. ಅದನ್ನು ತಯಾರಿಸುವ ಕಿಣ್ವ ಹುಟ್ಟಿನಿಂದಲೇ ಕೆಟ್ಟಿರುವ ಮಕ್ಕಳು ಮತ್ತೆ ಮತ್ತೆ ತೀವ್ರ ಸೋಂಕಿಗೆ ತುತ್ತಾಗುತ್ತಾರೆ. ರಕ್ತನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕೂಡ ರ್‍ಯಾಡಿಕಲ್ಲೇ. ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೊಗ್ಲಿಸರಿನ್ ಕೆಲಸ ಮಾಡುವುದು ಅದರ ಮೂಲಕವೇ. ಈ ಶೋಧಕ್ಕೆ 1998ರಲ್ಲಿ ನೊಬೆಲ್ ಬಂತು. ಡಿಎನ್‌ಎಯ ಇಟ್ಟಿಗೆಗಳನ್ನು ತಯಾರಿಸುವ ಕಿಣ್ವವೂ ರ್‍ಯಾಡಿಕಲ್ ಇಲ್ಲದೆ ನಡೆಯದು. 2009ರಲ್ಲಿ ಪ್ರಕಟವಾದ ಒಂದು ಜರ್ಮನ್ ಅಧ್ಯಯನದಲ್ಲಿ, ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗಿದ್ದು ವಿಟಮಿನ್ ಸಿ, ಇ ಮಾತ್ರೆ ನುಂಗದವರಲ್ಲಿ ಮಾತ್ರ. ವ್ಯಾಯಾಮದ ವೇಳೆ ಹುಟ್ಟುವ ರ್‍ಯಾಡಿಕಲ್‌ಗಳೇ ದೇಹಕ್ಕೆ ಎಚ್ಚರಿಕೆಯ ಸೂಚನೆ. ಮಾತ್ರೆ ಅದನ್ನು ಅಳಿಸಿಬಿಟ್ಟಿತ್ತು.

ಹಾಗೆಂದು ಸೊಪ್ಪು, ತರಕಾರಿ, ಹಣ್ಣಿನ ಬಗ್ಗೆ ಅನುಮಾನ ಬೇಡ. ಅವುಗಳನ್ನು ತಿನ್ನುವವರ ಆರೋಗ್ಯ ಚೆನ್ನಾಗಿರುವುದು ಮತ್ತೆ ಮತ್ತೆ ಕಂಡಿದೆ. ಅವುಗಳಿಂದ ಒಂದೇ ವಸ್ತುವನ್ನು ಹಿಂಡಿ ತೆಗೆದು, ಹಲವು ಪಟ್ಟು ಮಾಡಿ ಮಾರುವ ಲೆಕ್ಕ ಮಾತ್ರ ತಪ್ಪು. ಕ್ಯಾನ್ಸರ್ ಮತ್ತು ಹೃದ್ರೋಗ ತಡೆಯಲೆಂದು ಬೀಟಾ ಕ್ಯಾರೊಟಿನ್ ಅಥವಾ ವಿಟಮಿನ್ ಇ ನುಂಗಬೇಡಿ ಎಂದು ಅಮೆರಿಕದ ರೋಗತಡೆ ಕಾರ್ಯಪಡೆ 2022ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಮನೆಯಲ್ಲಿ ಯಾರಾದರೂ ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಪಡೆಯುತ್ತಿದ್ದರೆ ಇನ್ನೊಂದು ವಿಷಯ ಗೊತ್ತಿರಲಿ. ವಿಕಿರಣವು ಗಡ್ಡೆಯ ಕೋಶಗಳನ್ನು ಕೊಲ್ಲುವುದರಲ್ಲಿ ರ್‍ಯಾಡಿಕಲ್‌ಗಳ ಪಾಲು ದೊಡ್ಡದು. ಆ ದಿನಗಳಲ್ಲಿ ನೆಂಟರು ಪ್ರೀತಿಯಿಂದ ತಂದುಕೊಟ್ಟ ಆ್ಯಂಟಿಆಕ್ಸಿಡೆಂಟ್ ಡಬ್ಬಿಯನ್ನು ತೆರೆಯುವ ಮುನ್ನ ಚಿಕಿತ್ಸೆ ಕೊಡುತ್ತಿರುವ ವೈದ್ಯರಿಗೆ ತೋರಿಸಿ, ಕೇಳಿ.